'ರಾಮರಾಜು ಚರಿತ್ರ': ಬಳ್ಳಾರಿ ರಂಗಭೂಮಿಗೆ ಬಂದ ತಾಳೀಕೋಟೆ ಯುದ್ಧ

ಯುದ್ಧದಲ್ಲಿ ಸೋತ ದಂಡನಾಯಕನನ್ನು ನಾಟಕದ ನಾಯಕನನ್ನಾಗಿ ಮಾಡುವುದು ಸುಲಭದ ಕೆಲಸವಲ್ಲ. ಅವನು ಗೆದ್ದಿದ್ದರೆ ಪ್ರೇಕ್ಷಕರೇ ಚಪ್ಪಾಳೆಯಿಂದ ಉಳಿದ ಕೊರತೆಗಳನ್ನು ತುಂಬಿಕೊಡುತ್ತಾರೆ. ಸೋತಿದ್ದರೆ, ಅದರಲ್ಲಿಯೂ ಅವನ ಸೋಲಿನೊಂದಿಗೆ ಒಂದು ರಾಜಧಾನಿಯೇ ಹಾಳುಬಿದ್ದಿದ್ದರೆ, ಪ್ರತಿಯೊಬ್ಬ ಪ್ರೇಕ್ಷಕನೂ ಒಂದು ತೀರ್ಪನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾಟಕಶಾಲೆಗೆ ಬಂದಿರುತ್ತಾನೆ. ವಿಜಯನಗರದ ಅಳಿಯ ರಾಮರಾಯ ಇಂತಹ ದಂಡನಾಯಕ. ಅವನ ಕಥೆಯನ್ನು ಆಧುನಿಕ ರಂಗಭೂಮಿಗೆ ತಂದ ಮೊದಲ ಪ್ರಮುಖ ಪ್ರಯತ್ನ ನಡೆದದ್ದು ಬಳ್ಳಾರಿಯಲ್ಲಿ. ಕೋಲಾಚಲಂ ಶ್ರೀನಿವಾಸರಾಯರು 1907ರಲ್ಲಿ ತೆಲುಗಿನಲ್ಲಿ ರಚಿಸಿದ 'ರಾಮರಾಜು ಚರಿತ್ರ' ಅಥವಾ 'ವಿಜಯನಗರ ಪತನಮು' ನಾಟಕವೇ ಅದು. ಬಳ್ಳಾರಿ ರಾಘವರಿಗೆ ದೊಡ್ಡ ಹೆಸರು ತಂದ ಪಠಾಣ ರುಸ್ತುಮನ ಪಾತ್ರ ಇರುವುದು ಇದೇ ನಾಟಕದಲ್ಲಿ. ಬ್ರಿಟಿಷ್ ಸರ್ಕಾರದ ನಿಷೇಧಕ್ಕೆ ಒಳಗಾದ ನಾಟಕವೂ ಇದೇ.

ರಾಮರಾಯನೆಂದರೆ ತೆಲುಗಿನಲ್ಲಿ ರಾಮರಾಜು. ಕೃಷ್ಣದೇವರಾಯನ ಮಗಳನ್ನು ಮದುವೆಯಾದುದರಿಂದ ಕನ್ನಡದಲ್ಲಿ 'ಅಳಿಯ' ಎಂಬ ವಿಶೇಷಣ ಅವನ ಹೆಸರಿಗೆ ಅಂಟಿಕೊಂಡಿತು. ಅವನು ಅರವೀಡು ಮನೆತನದವನು. ಸಿಂಹಾಸನದ ಮೇಲೆ ಹೆಸರಿಗೆ ಇದ್ದವನು ತುಳುವ ವಂಶದ ಸದಾಶಿವರಾಯ. ರಾಜ್ಯವಾಳುತ್ತಿದ್ದವನು ಮಾತ್ರ ರಾಮರಾಯ. ಸುಮಾರು ಇಪ್ಪತ್ತು ವರ್ಷಗಳ ಕಾಲ ಈ ಏರ್ಪಾಡು ನಡೆಯಿತು. ಅರಸನನ್ನು ಕಾವಲಿನಲ್ಲಿಟ್ಟು ಅಧಿಕಾರ ನಡೆಸಿದವನು, ಪಟ್ಟವೇರದೆಯೇ ಸಾಮ್ರಾಜ್ಯದ ಭವಿಷ್ಯವನ್ನು ಪಣಕ್ಕಿಟ್ಟವನು ಎಂಬ ಆರೋಪ ಅವನ ಮೇಲಿದೆ. ನಾಟಕಕಾರನಿಗೆ ಇಲ್ಲಿಯೇ ಅರ್ಧ ಕಥೆ ಸಿದ್ಧವಾಗಿದೆ ಎಂದರೆ ತಪ್ಪಾಗಲಾರದು.

ಯುದ್ಧ ಮತ್ತು ಅದರ ತೋಪುಗಳು

ತಾಳೀಕೋಟೆ ಯುದ್ಧವೆಂದು ಶಾಲಾ ಪುಸ್ತಕಗಳು ಕರೆಯುವ ಕಾಳಗ ತಾಳೀಕೋಟೆಯಲ್ಲಿ ನಡೆದದ್ದಲ್ಲ. 1564ರ ಡಿಸೆಂಬರ್ ಕೊನೆಯ ವಾರದಲ್ಲಿ ಬಿಜಾಪುರ, ಅಹ್ಮದನಗರ, ಗೋಲ್ಕೊಂಡ ಮತ್ತು ಬೀದರಿನ ಸುಲ್ತಾನರ ಸೇನೆಗಳು ಬೀಡುಬಿಟ್ಟದ್ದು ತಾಳೀಕೋಟೆಯ ಬಳಿ. ಕಾಳಗ ನಡೆದದ್ದು ಅದರ ದಕ್ಷಿಣಕ್ಕೆ, ಕೃಷ್ಣಾ ನದಿಯ ಆಸುಪಾಸಿನಲ್ಲಿ. ಹತ್ತಿರದ ರಕ್ಕಸಗಿ ಮತ್ತು ತಂಗಡಗಿ ಗ್ರಾಮಗಳ ಹೆಸರನ್ನು ಕೂಡಿಸಿ 'ರಕ್ಕಸತಂಗಡಿ' ಎಂದು ಕರೆಯುವ ರೂಢಿ ಬಂದಿದೆ. ಸಾಮಾನ್ಯವಾಗಿ ಒಪ್ಪಿರುವ ದಿನಾಂಕ 1565ರ ಜನವರಿ 23.

ಈ ಯುದ್ಧದ ಅತ್ಯಂತ ವಿವರವಾದ ವರ್ಣನೆ ಬಿಜಾಪುರದ ಆಸ್ಥಾನದಲ್ಲಿದ್ದ ಪರ್ಷಿಯನ್ ಇತಿಹಾಸಕಾರ ಫರಿಷ್ತಾನದು. ಆತ ಬರೆದದ್ದು ಯುದ್ಧವಾಗಿ ಸುಮಾರು ನಾಲ್ಕು ದಶಕಗಳ ನಂತರ ಎಂಬುದನ್ನು ಮರೆಯುವಂತಿಲ್ಲ. ಆತನ ಪ್ರಕಾರ ಅಹ್ಮದನಗರದ ತೋಪಖಾನೆಯ ಮುಖ್ಯಸ್ಥ ಚಲಬಿ ರೂಮಿ ಖಾನ್. 'ರೂಮಿ' ಎಂದರೆ ಪಶ್ಚಿಮದ ಆಟೋಮನ್ ತುರ್ಕರ ನಾಡಿನಿಂದ ಬಂದವನು ಎಂದರ್ಥ. ಆ ಕಾಲದ ದಖ್ಖನಿನಲ್ಲಿ ತೋಪಿನ ವಿದ್ಯೆಗೆ ಇಂತಹವರಿಗೇ ಬೇಡಿಕೆಯಿತ್ತು. ರೂಮಿ ಖಾನನು ಆರು ನೂರು ತೋಪುಗಳನ್ನು ಮೂರು ಸಾಲುಗಳಲ್ಲಿ ಹೂಡಿದ್ದನು. ಮುಂದಿನ ಸಾಲಿನಲ್ಲಿ ಭಾರಿ ತೋಪುಗಳು, ಅದರ ಹಿಂದೆ ಸಣ್ಣವು, ಕೊನೆಯಲ್ಲಿ ತಿರುಗಣೆಯ ಮೇಲೆ ಕೂರಿಸಿದ ಹಗುರ ತೋಪುಗಳು. ಈ ಮೂರೂ ಸಾಲುಗಳು ಶತ್ರುವಿನ ಕಣ್ಣಿಗೆ ಬೀಳದಂತೆ ಎರಡು ಸಾವಿರ ಪರದೇಶಿ ಬಿಲ್ಲುಗಾರರು ಅಡ್ಡಲಾಗಿ ನಿಂತಿದ್ದರು. ವಿಜಯನಗರದ ಸೇನೆ ಸಮೀಪಿಸಿದಾಗ ಬಿಲ್ಲುಗಾರರು ಹಿಂದೆ ಸರಿದರು, ತೋಪುಗಳು ಗುಡುಗಿದವು. ಎರಡನೆಯ ಬಾರಿ ಆ ಸೇನೆ ತೀರ ಹತ್ತಿರಕ್ಕೆ ನುಗ್ಗಿ ಬಂದಾಗ ರೂಮಿ ಖಾನನು ತೋಪುಗಳಿಗೆ ತಾಮ್ರದ ದುಡ್ಡಿನ ಚೀಲಗಳನ್ನೇ ತುಂಬಿಸಿದನಂತೆ. ತೋಪಿನ ಬಾಯಿಯ ಮುಂದೆಯೇ ಐದು ಸಾವಿರ ಮಂದಿ ಸತ್ತುಬಿದ್ದರು ಎಂದು ಫರಿಷ್ತಾ ಬರೆದಿದ್ದಾನೆ. ಸಂಖ್ಯೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಜನರಿಗೆ ನಿತ್ಯದ ವ್ಯವಹಾರದಲ್ಲಿ ಕೈಯಿಂದ ಕೈಗೆ ದಾಟುವ ದುಡ್ಡು ಚೂರುಗುಂಡಾಗಿ ಹಾರಿದ ಆ ಚಿತ್ರವನ್ನು ಒಮ್ಮೆ ಓದಿದವರು ಮರೆಯುವುದಿಲ್ಲ.

ವೃದ್ಧನಾಗಿದ್ದ ರಾಮರಾಯ ಪಲ್ಲಕ್ಕಿಯಲ್ಲಿ ಕುಳಿತೇ ಯುದ್ಧ ನಡೆಸುತ್ತಿದ್ದನು. ಕುದುರೆಯೇರಬೇಕೆಂದು ಸರದಾರರು ಬೇಡಿಕೊಂಡರೂ ಕೇಳಲಿಲ್ಲ. ಪೋರ್ಚುಗೀಸ್ ಲೇಖಕ ಕೂಟೋ ಅವನ ವಯಸ್ಸನ್ನು 96 ಎನ್ನುತ್ತಾನೆ. ಇದು ಅತಿಶಯೋಕ್ತಿಯಿರಬಹುದಾದರೂ ಎಂಬತ್ತರ ಆಜುಬಾಜಿನಲ್ಲಿದ್ದನೆಂಬುದನ್ನು ಅನೇಕರು ಒಪ್ಪುತ್ತಾರೆ. ಸುಲ್ತಾನರ ಆನೆಯೊಂದು ನುಗ್ಗಿದಾಗ ಹೊರುವವರು ಪಲ್ಲಕ್ಕಿಯನ್ನು ಕೆಳಗೆ ಹಾಕಿ ಓಡಿದರು. ಸೆರೆಸಿಕ್ಕಿದ ರಾಮರಾಯನ ತಲೆಯನ್ನು ಅಹ್ಮದನಗರದ ಹುಸೇನ್ ನಿಜಾಂ ಶಹಾ ಕಡಿಸಿದನೆಂದು ಫರಿಷ್ತಾ ಹೇಳುತ್ತಾನೆ. ತನ್ನ ಕೈಯಾರೆ ಕಡಿದನೆಂದು ಕೂಟೋ ಬರೆಯುತ್ತಾನೆ. ಈಟಿಯ ತುದಿಯಲ್ಲಿ ಆ ತಲೆಯನ್ನು ಕಂಡ ಸೇನೆ ಚದುರಿಹೋಯಿತು. ರಾಮರಾಯನ ತಮ್ಮ ತಿರುಮಲನು ಸದಾಶಿವರಾಯನನ್ನೂ ಬೊಕ್ಕಸವನ್ನೂ ಕರೆದುಕೊಂಡು ಪೆನುಗೊಂಡೆಯ ಕಡೆಗೆ ಹೊರಟನು. ರಕ್ಷಣೆಯಿಲ್ಲದೆ ಉಳಿದ ರಾಜಧಾನಿ ಲೂಟಿಗೆ ಸಿಕ್ಕಿತು.

ವಿಜಯಪುರದ ಶೆರ್ಜಾ ಬುರುಜಿನ ಮೇಲೆ ಇಂದಿಗೂ ಇರುವ 'ಮಲಿಕ್-ಎ-ಮೈದಾನ್' ತೋಪು 1549ರಲ್ಲಿ ಅಹ್ಮದನಗರದಲ್ಲಿ ಎರಕಗೊಂಡದ್ದು. ಅದರ ತೂಕ ಸುಮಾರು 55 ಟನ್. ಎರಕ ಹೊಯ್ದವನೂ ಒಬ್ಬ ರೂಮಿಯೇ. ಈ ತೋಪು ತಾಳೀಕೋಟೆಯ ರಣರಂಗದಲ್ಲಿತ್ತೆಂಬ ಐತಿಹ್ಯ ಪ್ರಚಾರದಲ್ಲಿದೆ. ಅಷ್ಟು ಭಾರದ ಲೋಹವನ್ನು ನದಿ ದಾಟಿಸಿ ರಣರಂಗಕ್ಕೆ ಎಳೆದರೇ ಎಂಬ ಸಂಶಯ ಸಹಜವಾದುದು. ಆದರೂ ಆ ಯುದ್ಧದ ಭಯ ಜನರ ನೆನಪಿನಲ್ಲಿ ಯಾವ ರೂಪದಲ್ಲಿ ಉಳಿಯಿತೆಂಬುದಕ್ಕೆ ಐತಿಹ್ಯವೇ ಸಾಕ್ಷಿಯಾಗಿದೆ.

ಯಾರ ತಪ್ಪು?

ಸೋಲಿಗೆ ಕಾರಣ ಯಾವುದೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನಾಟಕಗಳು ಹುಟ್ಟಿರುವುದು ಈ ಭಿನ್ನಾಭಿಪ್ರಾಯದ ಬಿರುಕಿನಲ್ಲಿಯೇ. ಯುದ್ಧವಾದ ಎರಡು ವರ್ಷಕ್ಕೆ, 1567ರಲ್ಲಿ, ಹಾಳುಬಿದ್ದ ನಗರದಲ್ಲಿ ಏಳು ತಿಂಗಳು ತಂಗಿದ್ದ ವೆನಿಸ್‌ನ ವರ್ತಕ ಸೀಸರ್ ಫ್ರೆಡರಿಕನ ಪ್ರಕಾರ ಸೋಲಿಗೆ ಕಾರಣ ದ್ರೋಹ. ರಾಮರಾಯನ ಸೇನೆಯಲ್ಲಿದ್ದ ಇಬ್ಬರು ಮುಸ್ಲಿಂ ಸರದಾರರು ಕಾಳಗದ ನಡುವೆ ಪಕ್ಷ ಬದಲಿಸಿದರೆಂಬುದು ಅವನ ಹೇಳಿಕೆ. ಗೆದ್ದವರ ಪಕ್ಷದಿಂದ ಬರೆದ ಫರಿಷ್ತಾನಲ್ಲಿ ಈ ದ್ರೋಹದ ಪ್ರಸ್ತಾಪವಿಲ್ಲ. ಅವನಿಗೆ ರಾಮರಾಯನ ಗರ್ವವೇ ಮುಖ್ಯ ಕಾರಣ. ಅಹ್ಮದನಗರದ ಮೇಲಿನ ದಂಡಯಾತ್ರೆಯಲ್ಲಿ ವಿಜಯನಗರದ ಸೈನಿಕರು ಮಸೀದಿಗಳನ್ನು ಅಪವಿತ್ರಗೊಳಿಸಿದರು, ಸುಲ್ತಾನರ ರಾಯಭಾರಿಗಳನ್ನು ರಾಮರಾಯ ಅವಮಾನಿಸಿದನು, ಆದ್ದರಿಂದಲೇ ಪರಸ್ಪರ ಶತ್ರುಗಳಾಗಿದ್ದ ಸುಲ್ತಾನರು ಒಂದಾದರು ಎಂದು ಅವನು ಹೇಳುತ್ತಾನೆ.

ಆದರೆ ಈ ಎರಡು ಕಥೆಗಳೂ ಒಂದು ಸಂಗತಿಯನ್ನು ಮರೆಮಾಡುತ್ತವೆ. ರಾಮರಾಯನಿಗೆ ಸುಲ್ತಾನರು ಪರಕೀಯರಾಗಿರಲಿಲ್ಲ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಹಾ ಪಟ್ಟಕ್ಕೆ ಬರುವ ಮೊದಲು, 1543ರಿಂದ 1550ರವರೆಗೆ ಏಳು ವರ್ಷ ವಿಜಯನಗರದಲ್ಲಿಯೇ ರಾಮರಾಯನ ಆಶ್ರಯದಲ್ಲಿದ್ದವನು. ಬಿಜಾಪುರದ ಅಲಿ ಆದಿಲ್ ಶಹಾನನ್ನು ರಾಮರಾಯ ಮಗನೆಂದು ಕರೆದಿದ್ದನು. ರಾಮರಾಯ ಸ್ವತಃ ತಾರುಣ್ಯದಲ್ಲಿ ಗೋಲ್ಕೊಂಡದ ಸೇವೆಯಲ್ಲಿದ್ದನೆಂಬ ಉಲ್ಲೇಖವಿದೆ. ಇತಿಹಾಸಕಾರ ರಿಚರ್ಡ್ ಈಟನ್ 2005ರಲ್ಲಿ ಪ್ರಕಟಿಸಿದ ದಖ್ಖನಿನ ಸಾಮಾಜಿಕ ಇತಿಹಾಸದಲ್ಲಿ ರಾಮರಾಯನಿಗೊಂದು ಅಧ್ಯಾಯವನ್ನೇ ಮೀಸಲಿಟ್ಟು, ಪರ್ಷಿಯನ್ ಸಂಸ್ಕೃತಿಯ ಒಡನಾಟದಲ್ಲಿ ಬೆಳೆದ ದಖ್ಖನಿ ಗಣ್ಯನೆಂದು ಅವನನ್ನು ಚಿತ್ರಿಸಿದ್ದಾರೆ. ಹಿಂದೂ-ಮುಸ್ಲಿಂ ಯುದ್ಧವೆಂಬ ಸರಳ ವಿವರಣೆ ಇಲ್ಲಿ ನಿಲ್ಲುವುದಿಲ್ಲ.

ಈಟನ್ ಅವರದೇ ಇನ್ನೊಂದು ವಾದ ತೋಪಿಗೆ ಸಂಬಂಧಿಸಿದ್ದು. 1520ರ ರಾಯಚೂರು ಯುದ್ಧದಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಹಾನ ಬಳಿ ಬಲವಾದ ತೋಪಖಾನೆಯಿದ್ದರೂ ಗೆದ್ದವನು ಕೃಷ್ಣದೇವರಾಯ. ಸೋತವರು ಸೋಲಿನಿಂದ ಪಾಠ ಕಲಿತು ಮುಂದಿನ ದಶಕಗಳಲ್ಲಿ ತೋಪುಗಳನ್ನೂ ಅವುಗಳಿಗೆ ತಕ್ಕ ಬುರುಜುಗಳನ್ನೂ ಸುಧಾರಿಸಿದರು. ಗೆದ್ದವರು ತಮ್ಮ ಕುದುರೆ ಮತ್ತು ಕಾಲಾಳುಗಳೇ ಸಾಕೆಂದು ನೆಚ್ಚಿ ಕುಳಿತರು. ಈ ವಾದವನ್ನು ಒಪ್ಪಿದರೆ ತಾಳೀಕೋಟೆಯ ಸೋಲಿನ ಬೀಜ ರಾಯಚೂರಿನ ಗೆಲುವಿನಲ್ಲಿದೆ. ಆಗ ರಾಮರಾಯನ ಗರ್ವಕ್ಕಾಗಲಿ ಸರದಾರರ ದ್ರೋಹಕ್ಕಾಗಲಿ ಹೊರಿಸಿದ ಭಾರ ಸ್ವಲ್ಪ ಹಗುರಾಗುತ್ತದೆ.

ವಕೀಲರ ಊರಿನ ನಾಟಕ

1800ರಲ್ಲಿ ನಿಜಾಮನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಅದು ಮದರಾಸು ಆಡಳಿತದಲ್ಲಿತ್ತು. ದಂಡು, ಕಚೇರಿ, ನ್ಯಾಯಾಲಯ ಮತ್ತು ಹತ್ತಿಯ ವ್ಯಾಪಾರದಿಂದ ಬೆಳೆದ ಊರು. ಸತ್ಯನಾರಾಯಣಪೇಟೆಯೂ ಸೇರಿದಂತೆ ನಗರದ ಬಡಾವಣೆಗಳಲ್ಲಿ ಕನ್ನಡ ಮತ್ತು ತೆಲುಗು ಎರಡೂ ಮನೆಮಾತುಗಳು. ಪೇಟೆಯಲ್ಲಿ ಇವುಗಳ ಜೊತೆಗೆ ಉರ್ದು ಸೇರುತ್ತದೆ. ಈ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಾಟಕ ಬೆಳೆದದ್ದು ವೃತ್ತಿ ಕಂಪನಿಗಳಿಗಿಂತ ಹೆಚ್ಚಾಗಿ ವಕೀಲರ ಹವ್ಯಾಸದಿಂದ ಎಂಬುದು ವಿಶೇಷ. ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು (1853-1912) ಸರಸ ವಿನೋದಿನಿ ಸಭೆಯನ್ನು ಕಟ್ಟಿದರು. 1887ರಲ್ಲಿ ಅವರ 'ಚಿತ್ರನಳೀಯಮು' ರಂಗಕ್ಕೆ ಬಂದಿತು. ಆಂಧ್ರ ನಾಟಕ ಪಿತಾಮಹರೆಂದು ತೆಲುಗರು ಗೌರವಿಸುವ ಈ ವ್ಯಕ್ತಿ ಕೆಲಸ ಮಾಡಿದ್ದು ಇಂದು ಕರ್ನಾಟಕದಲ್ಲಿರುವ ಊರಿನಲ್ಲಿ.

ಅವರಿಗೆ ಸರಿಸಾಟಿಯಾಗಿ ನಿಂತವರು ಇನ್ನೊಬ್ಬ ವಕೀಲ ಕೋಲಾಚಲಂ ಶ್ರೀನಿವಾಸರಾಯರು (1854-1919). ಅವರ ಸಂಸ್ಥೆಯ ಹೆಸರು ಸುಮನೋರಮ ಸಭೆ. ಧರ್ಮವರಂ ಅವರ ಒಲವು ಪುರಾಣದ ಕಡೆಗಾದರೆ ಕೋಲಾಚಲಂ ಅವರದು ಚರಿತ್ರೆಯ ಕಡೆಗೆ. ಎರಡು ಸಭೆಗಳ ಪೈಪೋಟಿಯಿಂದ ಲಾಭವಾದದ್ದು ಊರಿನ ಪ್ರೇಕ್ಷಕರಿಗೆ. ಶ್ರೀನಿವಾಸರಾಯರು ಹುಟ್ಟಿದ್ದು ಹಂಪಿಗೆ ಅಂಟಿಕೊಂಡಿರುವ ಕಮಲಾಪುರದಲ್ಲಿ. ಬಾಲ್ಯದಲ್ಲಿ ಕಂಡ ಪಾಳುಗೋಡೆಗಳೇ ನಾಟಕದ ಬೀಜವೆಂದು ಹೇಳಿಬಿಡುವುದು ಸುಲಭ. ಆದರೆ ಅವರು ಹಾಗೆ ಭಾವುಕತೆಯಿಂದ ಮಾತ್ರ ಬರೆಯುವ ಜಾತಿಯವರಲ್ಲ. ಪ್ರಪಂಚದ ನಾಟಕ ಚರಿತ್ರೆಯನ್ನು ಕುರಿತು 1908ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥ ಪ್ರಕಟಿಸಿದ ಪಂಡಿತರು ಅವರು. 'ರಾಮರಾಜು ಚರಿತ್ರ' ಬರುವುದಕ್ಕೆ ಏಳು ವರ್ಷ ಮೊದಲು, 1900ರಲ್ಲಿ, ವಿಜಯನಗರದ ಚರಿತ್ರೆಯನ್ನು ಲೋಕಕ್ಕೆ ಮತ್ತೆ ಪರಿಚಯಿಸಿದ ಗ್ರಂಥ ಹೊರಬಂದಿತ್ತು. ಅದರ ಕರ್ತೃ ರಾಬರ್ಟ್ ಸೀವೆಲ್ ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದವರೇ. ಫರಿಷ್ತಾ, ಕೂಟೋ, ಸೀಸರ್ ಫ್ರೆಡರಿಕ್ ಮೊದಲಾದವರ ಪರಸ್ಪರ ವಿರುದ್ಧ ಹೇಳಿಕೆಗಳು ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಬಂದು ಕುಳಿತದ್ದು ಅಲ್ಲಿ. ಸಾಕ್ಷಿಗಳ ಹೇಳಿಕೆಯನ್ನು ತೂಗಿನೋಡುವುದೇ ವೃತ್ತಿಯಾಗಿದ್ದ ವಕೀಲರೊಬ್ಬರಿಗೆ ರಾಮರಾಯನ ಪ್ರಕರಣ ಆಕರ್ಷಕವೆನಿಸಿದ್ದರೆ ಆಶ್ಚರ್ಯವಿಲ್ಲ.

ತೋಪಿನ ವಿಷಯದಲ್ಲಿ ಬಳ್ಳಾರಿಯ ಪ್ರೇಕ್ಷಕರಿಗೆ ಬೇರೆ ಪಾಠವೇ ಬೇಕಾಗಿರಲಿಲ್ಲ. ಊರಿನ ಕೋಟೆಯನ್ನು ಹೈದರಾಲಿ ಫ್ರೆಂಚ್ ಎಂಜಿನಿಯರನೊಬ್ಬನಿಂದ ಬಲಪಡಿಸಿದನೆಂದೂ, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಾಗಿರುವುದರಿಂದ ಅಲ್ಲಿಂದ ತೋಪು ಹಾರಿಸಿದರೆ ಕೋಟೆ ನಿಲ್ಲದೆಂದು ತಿಳಿದಾಗ ಅವನನ್ನು ಗಲ್ಲಿಗೇರಿಸಿದನೆಂದೂ ಹೇಳುವ ಕಥೆ ಅಲ್ಲಿ ಮನೆಮಾತು.

ಪಠಾಣ ರುಸ್ತುಮ

ಈ ನಾಟಕ ಹೆಸರಾದದ್ದು ರಾಮರಾಯನಿಂದಲ್ಲ, ಅವನ ಎದುರು ನಿಲ್ಲುವ ಪಠಾಣನಿಂದ. ರುಸ್ತುಮನ ಪಾತ್ರ ವಹಿಸಿದವರು ಧರ್ಮವರಂ ಅವರ ಸೋದರಳಿಯ ತಾಡಪತ್ರಿ ರಾಘವಾಚಾರ್ಯರು, ಎಂದರೆ ಬಳ್ಳಾರಿ ರಾಘವ. 1880ರ ಆಗಸ್ಟ್ 2ರಂದು ತಾಡಪತ್ರಿಯಲ್ಲಿ ಜನಿಸಿ, ಮದರಾಸಿನಲ್ಲಿ ಕಾನೂನು ಓದಿ, ಬಳ್ಳಾರಿಯಲ್ಲಿ ವಕೀಲಿ ನಡೆಸಿದ ಅವರು ಮುಂದೆ ಸರ್ಕಾರಿ ಅಭಿಯೋಜಕರೂ ಆದರು. ಮಾವನ ಸಭೆ ಇರುವಾಗ ಪ್ರತಿಸ್ಪರ್ಧಿ ನಾಟಕಕಾರನ ಕೃತಿಯಲ್ಲಿ ಅಭಿನಯಿಸಿದ್ದು ಅವರ ಸ್ವಭಾವವನ್ನು ತೋರಿಸುತ್ತದೆ.

ಆ ಕಾಲದ ತೆಲುಗು ನಾಟಕವೆಂದರೆ ಪದ್ಯಗಳ ಸುರಿಮಳೆ. ನಟನು ಒಂದು ಪದ್ಯವನ್ನು ಹಿಡಿದು ದೀರ್ಘವಾಗಿ ರಾಗ ಎಳೆದರೆ ಪ್ರೇಕ್ಷಕರು 'ವನ್ಸ್ ಮೋರ್' ಎನ್ನುತ್ತಿದ್ದರು. ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೆ ಹಾಡಿ ಮತ್ತೆ ಸಾಯಬೇಕಾದ ಕಾಲ ಅದು. ರಾಘವರು ಇದನ್ನು ಒಪ್ಪಲಿಲ್ಲ. ಮಾತಿನ ಏರಿಳಿತ, ಮುಖದ ಭಾವ, ಮೌನ - ಇವೇ ಅವರ ಸಾಧನಗಳಾಗಿದ್ದವು. ಇಂತಹ ನಟನಿಗೆ ಕತ್ತಿ ಝಳಪಿಸುವ ಖಳನ ಪಾತ್ರ ಕೊಟ್ಟರೂ ಅದು ಖಳನಾಗಿ ಮಾತ್ರ ಉಳಿಯುವುದಿಲ್ಲ. ರುಸ್ತುಮನ ಪಾತ್ರಕ್ಕೆ ಬಂದ ಕೀರ್ತಿಯ ಗುಟ್ಟು ಇದೇ ಇರಬೇಕು. ವಿಜಯನಗರದ ಪತನಕ್ಕಾಗಿ ಮರುಗಲು ಬಂದ ಪ್ರೇಕ್ಷಕರು ಶತ್ರುಪಕ್ಷದ ಪಠಾಣನನ್ನು ನೋಡಿ ಬೆರಗಾಗಿ ಮನೆಗೆ ಹೋದರು. ದಂಡನಾಯಕನನ್ನು ಅಳೆಯಬೇಕಾದರೆ ಅವನಿಂದ ಪೆಟ್ಟು ತಿಂದವನ ದೃಷ್ಟಿಯೂ ರಂಗದ ಮೇಲೆ ಬರಬೇಕಾಗುತ್ತದೆ.

ರಾಘವರ ಮುಂದಿನ ಜೀವನ ಈ ದಾರಿಯಲ್ಲಿಯೇ ಸಾಗಿತು. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲಿಯೂ ಅವರು ಅಭಿನಯಿಸಿದರು. ಬೆಂಗಳೂರಿನ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಜೊತೆಗೂ ದುಡಿದರು. 1927ರಲ್ಲಿ ಗಾಂಧೀಜಿ ವಿಶ್ರಾಂತಿಗೆಂದು ಮೈಸೂರು ಸಂಸ್ಥಾನಕ್ಕೆ ಬಂದಿದ್ದಾಗ ಅವರ ಮುಂದೆ 'ದೀನಬಂಧು ಕಬೀರ'ವನ್ನು ಹಿಂದಿಯಲ್ಲಿ ಆಡಿ ಮೆಚ್ಚುಗೆ ಪಡೆದರು. ಮುಂದೆ ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡರು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ಹಟ ಹಿಡಿದು, ವಿದ್ಯಾವಂತ ಮನೆತನದ ಮಹಿಳೆಯರನ್ನು ರಂಗಕ್ಕೆ ಕರೆತಂದರು. 1936ರಿಂದ 1940ರ ನಡುವೆ ಮೂರು ತೆಲುಗು ಚಿತ್ರಗಳಲ್ಲಿ ಕಾಣಿಸಿಕೊಂಡರಾದರೂ ಕ್ಯಾಮೆರಾದ ಮುಂದಿನ ಕೆಲಸ ಅವರಿಗೆ ಒಗ್ಗಿದಂತೆ ತೋರುವುದಿಲ್ಲ. 1946ರ ಏಪ್ರಿಲ್ 16ರಂದು ನಿಧನರಾದರು. 1981ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಬಳ್ಳಾರಿಯ ರಾಘವ ಕಲಾಮಂದಿರಕ್ಕೆ ಅವರದೇ ಹೆಸರು.

ನಿಷೇಧ, ಮತ್ತು ಲಂಡನ್ನಿನ ಒಂದು ಹೋಲಿಕೆ

'ರಾಮರಾಜು ಚರಿತ್ರ' ಪ್ರದರ್ಶನದಿಂದ ಹಿಂದೂ-ಮುಸ್ಲಿಮರ ನಡುವೆ ವೈಮನಸ್ಯ ಹುಟ್ಟಬಹುದೆಂಬುದು ಸರ್ಕಾರ ನಿಷೇಧಕ್ಕೆ ಕೊಟ್ಟ ಕಾರಣ. ನಾಟಕಗಳನ್ನು ತಡೆಯಲು ಬ್ರಿಟಿಷರ ಕೈಯಲ್ಲಿ 1876ರ ನಾಟಕ ಪ್ರದರ್ಶನ ಕಾಯಿದೆಯಿತ್ತು. ಬಂಗಾಳದ ನಾಟಕಗಳಿಗೆ ಹೆದರಿ ಮಾಡಿದ ಈ ಕಾಯಿದೆ ದೇಶದ್ರೋಹ, ಮಾನಹಾನಿ, ಅಶ್ಲೀಲತೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿಕೊಂಡಿತ್ತು. ಸಾಮ್ರಾಜ್ಯವೊಂದರ ಪತನವನ್ನು ಕುರಿತ ನಾಟಕ, ಇನ್ನೊಂದು ಸಾಮ್ರಾಜ್ಯ ಆಳುತ್ತಿರುವಾಗ, ಮತೀಯ ಕಾರಣವೊಂದಕ್ಕಾಗಿಯೇ ಕಿರಿಕಿರಿಯಾಗಿತ್ತೇ ಎಂದು ಕೇಳಬಹುದು. ವಂಗಭಂಗದ ನಂತರದ ಆ ವರ್ಷಗಳಲ್ಲಿ ಐತಿಹಾಸಿಕ ನಾಟಕಗಳೆಲ್ಲವೂ ಪೊಲೀಸರ ಕಣ್ಣಿಗೆ ರಾಜಕೀಯವಾಗಿಯೇ ಕಾಣುತ್ತಿದ್ದವು.

ಯುದ್ಧನಾಯಕನನ್ನು ರಂಗಕ್ಕೆ ತಂದರೆ ತಡೆ ಬರುವುದು ವಸಾಹತುಗಳಲ್ಲಿ ಮಾತ್ರವಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ನಗರಗಳ ಮೇಲೆ ಬ್ರಿಟನ್ ನಡೆಸಿದ ಬಾಂಬ್ ದಾಳಿಯನ್ನು ಪ್ರಶ್ನಿಸುವ ರಾಲ್ಫ್ ಹೊಖ್‌ಹೂಟ್‌ರ 'ಸೋಲ್ಜರ್ಸ್' ನಾಟಕವನ್ನು 1967ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನ ಆಡಳಿತ ಮಂಡಳಿ ತಿರಸ್ಕರಿಸಿತು. ಅದರಲ್ಲಿ ಚರ್ಚಿಲ್ ಪಾತ್ರವಾಗಿ ಬರುತ್ತಾರೆ. ಮೊದಲ ಪ್ರದರ್ಶನ ಅದೇ ವರ್ಷ ಬರ್ಲಿನ್ನಿನಲ್ಲಾಯಿತು. ಬ್ರಿಟನ್ನಿನಲ್ಲಿ ನಾಟಕಗಳ ಪೂರ್ವಸೆನ್ಸಾರ್ ರದ್ದಾದ 1968ರಲ್ಲಿ ಲಂಡನ್ನಿಗೂ ಬಂದಿತು. ಬಾಂಬ್ ದಾಳಿಯ ದಂಡನಾಯಕ ಸರ್ ಆರ್ಥರ್ ಹ್ಯಾರಿಸ್ ಅವರನ್ನೇ ಕೇಂದ್ರದಲ್ಲಿಟ್ಟ ನಾಟಕ ಬಂದದ್ದು ಇನ್ನೂ ತಡವಾಗಿ, ಅವರು ತೀರಿಕೊಂಡು ಐದು ವರ್ಷಗಳಾದ ಮೇಲೆ. ಡಾನ್ ಷಾ ಬರೆದು, ಜಾನ್ ಥಾ ಅಭಿನಯಿಸಿದ 'ಬಾಂಬರ್ ಹ್ಯಾರಿಸ್' ಅನ್ನು ಬಿಬಿಸಿ ದೂರದರ್ಶನ 1989ರಲ್ಲಿ ಪ್ರಸಾರ ಮಾಡಿತು.

ಹ್ಯಾರಿಸ್ ಮತ್ತು ರಾಮರಾಯರ ನಡುವೆ ಹೋಲಿಕೆ ಹುಡುಕುವುದು ಮೇಲುನೋಟಕ್ಕೆ ವಿಚಿತ್ರ. ಒಬ್ಬರು ಗೆದ್ದ ಪಕ್ಷದವರು, ಇನ್ನೊಬ್ಬನು ಸೋತು ತಲೆ ಕೊಟ್ಟವನು. ಆದರೂ ಎರಡು ನಾಟಕಗಳ ಪ್ರಶ್ನೆ ಒಂದೇ: ಒಂದು ರಾಜ್ಯದ ನಿರ್ಧಾರದ ಹೊಣೆ ಒಬ್ಬ ವ್ಯಕ್ತಿಯ ಹೆಸರಿಗೆ ಬಂದು ನಿಲ್ಲುವುದು ಹೇಗೆ? ಹ್ಯಾರಿಸ್ ಬಾಂಬರ್ ಕಮಾಂಡಿನ ಹೊಣೆ ಹೊತ್ತದ್ದು 1942ರ ಫೆಬ್ರುವರಿಯ ಕೊನೆಯಲ್ಲಿ. ನಗರ ಪ್ರದೇಶಗಳ ಮೇಲೆ ದಾಳಿ ಮಾಡಬೇಕೆಂಬ ಆದೇಶ ಅದಕ್ಕಿಂತ ಮೊದಲೇ, ಫೆಬ್ರುವರಿ 14ರಂದು, ಹೊರಟಿತ್ತು. 1945ರ ಫೆಬ್ರುವರಿಯಲ್ಲಿ ಡ್ರೆಸ್ಡೆನ್ ಸುಟ್ಟಿತು. ಸತ್ತವರು ಹೆಚ್ಚೆಂದರೆ 25,000 ಎಂದು ಆ ನಗರವೇ ನೇಮಿಸಿದ ಇತಿಹಾಸಕಾರರ ಆಯೋಗ 2010ರಲ್ಲಿ ವರದಿ ನೀಡಿತು. ದಾಳಿಯಾದ ಕೆಲವೇ ವಾರಗಳಲ್ಲಿ ಚರ್ಚಿಲ್ ಆ ನೀತಿಯಿಂದ ದೂರ ಸರಿಯತೊಡಗಿದರು. ಉಳಿದದ್ದು ಹ್ಯಾರಿಸ್ ಹೆಸರು. ಅವರ ಕೈಕೆಳಗಿನ ವೈಮಾನಿಕರಲ್ಲಿಯೂ 55,000ಕ್ಕಿಂತ ಹೆಚ್ಚು ಮಂದಿ ಸತ್ತಿದ್ದರು. 1992ರಲ್ಲಿ ಲಂಡನ್ನಿನಲ್ಲಿ ಅವರ ಪ್ರತಿಮೆ ಅನಾವರಣಗೊಂಡಾಗ ಪ್ರತಿಭಟನೆ ನಡೆಯಿತು, ಪ್ರತಿಮೆಗೆ ಬಣ್ಣ ಎರಚಿದರು. ರಾಮರಾಯನಿಗೆ ಹಂಪಿಯ ಪ್ರತಿಯೊಂದು ಪಾಳುಕಂಬವೂ ಅಂತಹ ಆರೋಪಪತ್ರವಾಗಿ ನಿಂತಿದೆ.

ವ್ಯತ್ಯಾಸವೂ ಇದೆ. ಬ್ರಿಟಿಷ್ ನಾಟಕಕಾರನಿಗೆ ಕಡತಗಳು, ಪತ್ರಗಳು, ಬದುಕಿದ್ದ ಸಾಕ್ಷಿಗಳು ಸಿಕ್ಕಿದ್ದರು. ಬಳ್ಳಾರಿಯ ನಾಟಕಕಾರನಿಗೆ ಸಿಕ್ಕಿದ್ದು ಗೆದ್ದವರ ಆಸ್ಥಾನದ ಚರಿತ್ರೆ ಮತ್ತು ಪರದೇಶಿ ವ್ಯಾಪಾರಿಯ ಕೇಳಿಕೆಯ ಮಾತು ಮಾತ್ರ. ರಾಮರಾಯ ತಾನೇ ತನ್ನ ಪರವಾಗಿ ಹೇಳಿಕೊಂಡ ಒಂದು ವಾಕ್ಯವೂ ಉಳಿದಿಲ್ಲ.

1876ರ ಕಾಯಿದೆಯ ಬಗ್ಗೆ ಒಂದು ಮಾತು. ಬ್ರಿಟಿಷರು ಹೋದ ಮೇಲೂ ಅದು ಏಳು ದಶಕ ಪುಸ್ತಕದಲ್ಲಿಯೇ ಉಳಿದಿತ್ತು. ಸಂಸತ್ತು ಅದನ್ನು ರದ್ದುಮಾಡಿದ್ದು 2017ರ ರದ್ದತಿ ಮತ್ತು ತಿದ್ದುಪಡಿ ಕಾಯಿದೆಯ ಮೂಲಕ. ಕರ್ನಾಟಕವು 1964ರಲ್ಲಿಯೇ ತನ್ನದೇ ಆದ ನಾಟಕ ಪ್ರದರ್ಶನ ಕಾಯಿದೆಯನ್ನು ಮಾಡಿಕೊಂಡಿತ್ತು.

ಕನ್ನಡದ ರಾಮರಾಯ

ಕನ್ನಡ ರಂಗಸಾಹಿತ್ಯದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 'ತಾಳೀಕೋಟೆ' ಎಂಬ ನಾಟಕವನ್ನು ಬರೆದರು. ಆದರೆ ಈ ವಸ್ತುವಿಗೆ ಕನ್ನಡದಲ್ಲಿ ಹೊಸ ತಿರುವು ಕೊಟ್ಟವರು ಗಿರೀಶ ಕಾರ್ನಾಡರು. 1964ರ 'ತುಘಲಕ್'ನಲ್ಲಿ ದೆಹಲಿಯ ಸುಲ್ತಾನನನ್ನೂ, ಬಿಬಿಸಿ ಬಾನುಲಿಗಾಗಿ ಮೊದಲು ಇಂಗ್ಲಿಷಿನಲ್ಲಿ ರಚಿಸಿದ ನಾಟಕದಲ್ಲಿ ಟಿಪ್ಪುವನ್ನೂ ಎತ್ತಿಕೊಂಡಿದ್ದ ಅವರು, ಕೊನೆಯದಾಗಿ ಬಂದು ನಿಂತದ್ದು ರಾಮರಾಯನ ಬಳಿ. 'ರಾಕ್ಷಸ ತಂಗಡಿ' 2018ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಇಂಗ್ಲಿಷ್ ರೂಪ 'ಕ್ರಾಸಿಂಗ್ ಟು ತಾಳಿಕೋಟ' 2019ರಲ್ಲಿ ಹೊರಬಂದಿತು.

ಕಾರ್ನಾಡರ ರಾಮರಾಯ ಕೋಲಾಚಲಂ ಅವರ ರಾಮರಾಜುವಿನಿಂದ ಒಂದು ಶತಮಾನದಷ್ಟು ದೂರ ಬಂದವನು. ರಾಜರಕ್ತವಿಲ್ಲದವನೆಂಬ ಕಾರಣಕ್ಕೆ ಸಿಂಹಾಸನ ದೊರೆಯದ, ಆದರೆ ಸಿಂಹಾಸನಕ್ಕಿಂತ ಎತ್ತರಕ್ಕೆ ಬೆಳೆದ ಮುದುಕ. ಅವನ ಮನಸ್ಸು ಸುತ್ತುವುದು ಕಲ್ಯಾಣದ ಸುತ್ತ. ಚಾಲುಕ್ಯರ ಹಳೆಯ ರಾಜಧಾನಿ ತನ್ನ ಕೈಗೆ ಬಂದರೆ ವಂಶದ ಕೊರತೆ ನೀಗುತ್ತದೆಂಬ ಹಂಬಲ ಅದು. ರಾಮರಾಯನಿಗೆ ಕಲ್ಯಾಣದ ಮೇಲಿದ್ದ ಈ ಮೋಹವನ್ನು ಈಟನ್ ಮತ್ತು ಫಿಲಿಪ್ ವ್ಯಾಗನರ್ ತಮ್ಮ ಸಂಶೋಧನೆಯಲ್ಲಿ ಎತ್ತಿ ತೋರಿಸಿದ್ದಾರೆ. ಧರ್ಮಯುದ್ಧದ ಭಾಷೆ ಈ ನಾಟಕದಲ್ಲಿ ಹಿನ್ನೆಲೆಗೆ ಸರಿಯುತ್ತದೆ. ಪರಸ್ಪರರನ್ನು ಚೆನ್ನಾಗಿ ಬಲ್ಲ, ಒಂದೇ ಪಂಕ್ತಿಯಲ್ಲಿ ಊಟ ಮಾಡಿದ ಕೆಲವರು ಕೊನೆಗೆ ರಣರಂಗದಲ್ಲಿ ಎದುರಾದದ್ದು ಹೇಗೆಂಬುದೇ ಅದರ ಕಥೆ. 1907ರಲ್ಲಿ ನಿಷೇಧದ ಭೀತಿಯನ್ನು ಹುಟ್ಟಿಸಿದ ವಸ್ತು ಈ ರೂಪದಲ್ಲಿ ಬಂದಾಗ ಯಾರೂ ಅದನ್ನು ತಡೆಯಲು ಬರಲಿಲ್ಲ.

ಕಾರ್ನಾಡರು 2019ರ ಜೂನ್ 10ರಂದು ನಿಧನರಾದರು. ಅದೇ ವರ್ಷ ಅರ್ಜುನ್ ಸಜನಾನಿ ನಿರ್ದೇಶನದಲ್ಲಿ ಇಂಗ್ಲಿಷ್ ರೂಪ ಬೆಂಗಳೂರಿನಲ್ಲಿ ರಂಗಕ್ಕೆ ಬಂದಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹಂಪಿಯೊಂದಿಗೆ ಕೋಲಾಚಲಂ ಅವರ ಜನ್ಮಸ್ಥಳ ಕಮಲಾಪುರವೂ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಯಿತು. ಶ್ರೀನಿವಾಸರಾಯರ ನಾಟಕ ಮಾತ್ರ ತೆಲುಗಿನ ರಂಗಚರಿತ್ರೆಯಲ್ಲಿ ಬಳ್ಳಾರಿಯ ಹೆಸರಿನೊಂದಿಗೇ ದಾಖಲಾಗಿದೆ.